"ಯುದ್ಧವೊಂದು ಆಗದಿದ್ದರೆ ಸಾಕು" ಎನ್ನುತ್ತಿದ್ದ ಜನ ಯುದ್ಧಕ್ಕೆ ಹೇಗೆ ಸುಮ್ಮನಾದರು? ರಷ್ಯನ್ನರ ಮನಸ್ಸಿನ ಬಗ್ಗೆ ಒಂದು ಚರ್ಚೆ

ವೋಲ್ಗಾ ದಂಡೆ

ಕಳೆದ ವಾರ ಇಲ್ಲಿ ಒಬ್ಬರು "ಯುದ್ಧ ರಷ್ಯನ್ನರ ರಕ್ತದಲ್ಲೇ ಇದೆ" ಅಂತ ಬರೆದಿದ್ದರು. ಅದರ ಕೆಳಗೇ ಇನ್ನೊಬ್ಬರು "ಅವರು ಪಾಪ, ಸುಮ್ಮನಿದ್ದವರನ್ನು ಅಮೆರಿಕ ಕೆಣಕಿತು" ಅಂದಿದ್ದರು. ನಾನು ಕಂಡ ಜನಕ್ಕೆ ಈ ಎರಡು ಮಾತೂ ಒಪ್ಪುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ.

2009ರಿಂದ 2015ರವರೆಗೆ ವೋಲ್ಗೊಗ್ರಾದ್‌ನಲ್ಲಿ ವೈದ್ಯಕೀಯ ಓದಿದೆ. ಮೊದಲ ಎರಡು ವರ್ಷ ಹಾಸ್ಟೆಲ್, ಆಮೇಲೆ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆ ಕೋಣೆ. ಅಜ್ಜಿ ಹುಟ್ಟಿದ್ದು 1938ರಲ್ಲಿ, ಅದೇ ಊರಿನಲ್ಲಿ. ಆಗ ಅದರ ಹೆಸರು ಸ್ಟಾಲಿನ್‌ಗ್ರಾದ್. 1942ರ ಆಗಸ್ಟ್ 23ರಂದು ಜರ್ಮನ್ ವಿಮಾನಗಳು ಊರಿಗೆ ಊರನ್ನೇ ಸುಟ್ಟಾಗ ಅವರಿಗೆ ನಾಲ್ಕು ವರ್ಷ, ತಂಗಿಗೆ ಎರಡು. ತಾಯಿ ಇಬ್ಬರನ್ನೂ ಎತ್ತಿಕೊಂಡು ಹಳ್ಳದ ದಂಡೆಯಲ್ಲಿ ತೋಡಿದ ಗುಂಡಿಯೊಂದರಲ್ಲಿ ತಿಂಗಳುಗಟ್ಟಲೆ ಬದುಕಿದರಂತೆ. ಉರಿದುಹೋದ ಕಣಜದಿಂದ ತಂದ ಸುಟ್ಟ ಗೋಧಿಯೇ ಊಟ.

ಅಜ್ಜಿಯ ಊಟದ ಮೇಜು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಊಟ ಮುಗಿದ ಮೇಲೆ ಎಡಗೈಯನ್ನು ಮೇಜಿನ ಅಂಚಿಗೆ ಹಿಡಿದು, ಬಲಗೈ ಅಂಚಿನಿಂದ ಬ್ರೆಡ್ಡಿನ ಚೂರುಗಳನ್ನೆಲ್ಲ ಅದಕ್ಕೆ ಗುಡಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಲ ನಾನು ಒಣಗಿದ ತುಂಡೊಂದನ್ನು ಕಸದ ಬುಟ್ಟಿಗೆ ಎಸೆದೆ. ಬೈಯಲಿಲ್ಲ. ಬುಟ್ಟಿಯಿಂದ ಎತ್ತಿ, ಒರೆಸಿ, ಕಿಟಕಿಯ ಹೊರಗೆ ಹಕ್ಕಿಗಳಿಗೆ ಇಟ್ಟರು. ಬಾಲ್ಕನಿಯಲ್ಲಿ ಸಕ್ಕರೆ, ಉಪ್ಪು, ಬೆಂಕಿಪೊಟ್ಟಣ, ಗ್ರೆಚ್ಕಾ ಧಾನ್ಯದ ಚೀಲ ಯಾವತ್ತೂ ಖಾಲಿಯಾಗುತ್ತಿರಲಿಲ್ಲ.

ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು "ಲಿಷ್ ಬಿ ನೆ ಬಿಲೊ ವಾಯ್ನಿ". ಯುದ್ಧವೊಂದು ಆಗದಿದ್ದರೆ ಸಾಕು ಅಂತ. ಆ ತಲೆಮಾರಿನವರು ಹಬ್ಬದ ದಿನ ಗ್ಲಾಸ್ ಎತ್ತಿದರೂ ಇದನ್ನೇ ಹೇಳುತ್ತಿದ್ದರು. ಪಿಂಚಣಿ ಸಾಲದೆ ಹೋದರೂ ಇದೇ, ಲಿಫ್ಟ್ ಕೆಟ್ಟು ಆರು ಮಹಡಿ ಹತ್ತಬೇಕಾಗಿ ಬಂದರೂ ಇದೇ. ಸೋವಿಯತ್ ಒಕ್ಕೂಟ ಆ ಯುದ್ಧದಲ್ಲಿ ಕಳೆದುಕೊಂಡದ್ದು ಸುಮಾರು 2 ಕೋಟಿ 70 ಲಕ್ಷ ಜನರನ್ನು. ಸಾವು ನೋಡದ ಮನೆ ಇಲ್ಲವೇ ಇಲ್ಲ ಅನ್ನಬಹುದು. ಆ ಮಾತು ನಾಟಕದ್ದಲ್ಲ, ಹೊಟ್ಟೆಯೊಳಗಿಂದ ಬಂದದ್ದು.

2014ರ ಮಾರ್ಚ್‌ನಲ್ಲಿ ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ಸೇರಿಸಿಕೊಂಡಾಗ ಅಜ್ಜಿ ಖುಷಿಯಾಗಿದ್ದರು. "ನೋಡಿದೆಯಾ, ಒಂದು ಗುಂಡೂ ಹಾರಲಿಲ್ಲ" ಅಂದರು. ಆ ಖುಷಿಯಲ್ಲಿ ಗೆದ್ದ ಹೆಮ್ಮೆ ಇತ್ತು. ಅದಕ್ಕಿಂತ ಹೆಚ್ಚಾಗಿ ಯುದ್ಧವಿಲ್ಲದೆ ಮುಗಿಯಿತಲ್ಲ ಅನ್ನುವ ನಿರಾಳ ಇತ್ತು.

2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ನಾಲ್ಕು ದಿನ ಬಿಟ್ಟು ಅಜ್ಜಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಎರಡೇ ಮಾತು. "ಅಲ್ಲಿ ದೊನ್ಬಾಸ್‌ನಲ್ಲಿ ಎಂಟು ವರ್ಷದಿಂದ ನಮ್ಮವರ ಮೇಲೆ ಬಾಂಬ್ ಬೀಳ್ತಿತ್ತು" ಅನ್ನುವುದು ಒಂದು (ದೊನ್ಬಾಸ್ ಅಂದರೆ ಉಕ್ರೇನಿನ ಪೂರ್ವ ಭಾಗ). "ಮೇಲಿನವರಿಗೆ ಗೊತ್ತಿರತ್ತೆ" ಅನ್ನುವುದು ಇನ್ನೊಂದು. ಮೊದಲನೆಯದು ಟೀವಿಯ ಮಾತು ಅಂತ ಕೇಳಿದ ಕೂಡಲೇ ಗೊತ್ತಾಯಿತು. ಎರಡನೆಯದು ಅವರದೇ.

ನಾಲ್ಕು ವರ್ಷದವಳಾಗಿ ಸುಟ್ಟ ಗೋಧಿ ತಿಂದ ಹೆಂಗಸು ಇದಕ್ಕೆ ಹೇಗೆ ತಲೆಯಾಡಿಸಿದರು? ನನ್ನ ಪ್ರಶ್ನೆ ಇಷ್ಟೆ. ರಷ್ಯಾ ಸರಿಯಾ ತಪ್ಪಾ ಅನ್ನುವುದಲ್ಲ. ಪಕ್ಕದ ದೇಶದ ಮೇಲೆ ನುಗ್ಗಿದ್ದು ತಪ್ಪು, ನನಗೆ ಅದರಲ್ಲಿ ಅನುಮಾನವಿಲ್ಲ.

ಶರಾವತಿ ಕಣಿವೆ

ಡಾಕ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ನನಗೆ ಈಗ 71. ನಮ್ಮ ಮನೆಗೆ ಸೋವಿಯತ್ ಪತ್ರಿಕೆ ಕನ್ನಡದಲ್ಲಿ ಬರುತ್ತಿತ್ತು. ನುಣುಪಾದ ಆ ಕಾಗದ ಶಾಲೆಯ ಪುಸ್ತಕಕ್ಕೆ ಬೈಂಡು ಹಾಕಲು ಹೇಳಿ ಮಾಡಿಸಿದ ಹಾಗಿತ್ತು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ಎಂಟಾಣೆ, ಒಂದು ರೂಪಾಯಿಗೆ ಕೊಂಡು ಓದಿದ ತಲೆಮಾರು ನಮ್ಮದು. 1971ರ ಆಗಸ್ಟ್‌ನ ಭಾರತ-ಸೋವಿಯತ್ ಒಪ್ಪಂದ, ಬಾಂಗ್ಲಾ ಯುದ್ಧದ ಆ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ಸೋವಿಯತ್ತರು ನಮ್ಮ ಪರ ಚಲಾಯಿಸಿದ ವೀಟೋ, ಅತ್ತ ಬಂಗಾಳ ಕೊಲ್ಲಿಗೆ ಹೊರಟ ಅಮೆರಿಕದ ನೌಕಾಪಡೆ, ಇದನ್ನೆಲ್ಲ ರೇಡಿಯೊ ಮುಂದೆ ಕೂತು ಕೇಳಿದವರು ನಾವು. ಭಿಲಾಯಿಯ ಉಕ್ಕು ಯಾರ ನೆರವಿನಿಂದ ಬಂತು ಅನ್ನುವುದನ್ನೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ರಷ್ಯನ್ನರ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. 1612ರಲ್ಲಿ ಪೋಲಿಷರನ್ನು ಮಾಸ್ಕೋದಿಂದ ಓಡಿಸಬೇಕಾಯಿತು, 1812ರಲ್ಲಿ ನೆಪೋಲಿಯನ್, 1941ರಲ್ಲಿ ಹಿಟ್ಲರ್. ಪಶ್ಚಿಮದ ಕಡೆ ಶತ್ರುವನ್ನು ತಡೆಯುವಂಥ ಬೆಟ್ಟವಿಲ್ಲ, ಬರೀ ಬಯಲು. ಆಮೇಲೆ 1999ರಲ್ಲಿ ಅಮೆರಿಕದ ಮುಂದಾಳತ್ವದ ಸೈನಿಕ ಕೂಟ ನ್ಯಾಟೋ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬ್ ಹಾಕಿತು, ಭದ್ರತಾ ಮಂಡಳಿಯ ಅನುಮತಿ ಇಲ್ಲದೆ. ರಷ್ಯಾದ ಪ್ರಧಾನಿ ಪ್ರಿಮಕೋವ್ ವಾಷಿಂಗ್ಟನ್‌ಗೆ ಹೊರಟವರು ಆ ದಾಳಿಯ ಸುದ್ದಿ ಕೇಳಿ ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನವನ್ನೇ ಹಿಂದಕ್ಕೆ ತಿರುಗಿಸಿದರು. ಅದೇ ತಿಂಗಳು ಪೋಲೆಂಡ್, ಹಂಗೇರಿ, ಚೆಕ್ ಮೂರೂ ನ್ಯಾಟೋ ಸೇರಿದ್ದವು. 2003ರಲ್ಲಿ ಇರಾಕ್, 2011ರಲ್ಲಿ ಲಿಬಿಯಾ. ಕಾನೂನು ಬಲಿಷ್ಠನಿಗೆ ಅನ್ವಯಿಸುವುದಿಲ್ಲ ಅನ್ನುವ ಪಾಠವನ್ನು ಅವರಿಗೆ ಕಲಿಸಿದ್ದು ಯಾರು?

ಕಲಬುರಗಿ ಬಿಸಿಲು

ಸರ್, ವೀಟೋ ಎಲ್ಲಾ ಖರೆ. ಆದ್ರ 2024ರಾಗ ನಮ್ಮ ಕಡೀ ಹುಡುಗರು ಸೆಕ್ಯುರಿಟಿ ಕೆಲ್ಸ ಅಂತ ನಂಬಿ ರಷ್ಯಾಕ್ಕ ಹೋಗಿ ಯುದ್ಧದ ಗಡಿಯಾಗ ಸಿಕ್ಕೊಂಡಿದ್ರು. ಅವರ ವಿಡಿಯೋ ಬಂದ ದಿನ ಆ ಮನಿಯವ್ರು ಹೆಂಗ ಇದ್ರು ಅನ್ನೋದು ನಾ ನೋಡೀನಿ. 2022ರ ಮಾರ್ಚ್ 1ಕ್ಕ ಉಕ್ರೇನಿನ ಖಾರ್ಕಿವ್‌ನಾಗ ಹಾವೇರಿ ಜಿಲ್ಲಾದ ವಿದ್ಯಾರ್ಥಿ ಶೆಲ್ ದಾಳಿಗೆ ಹೋದ. ರಷ್ಯಾ ನಮ್ಮ ದೋಸ್ತ ಅಂತ ಸುಮ್ನ ಕುಂದ್ರಾಕ ನನಗ ಆಗಂಗಿಲ್ಲ. ಡಾಕ್ಟ್ರ ಅಜ್ಜಿ ಬಗ್ಗೆ ಇನ್ನೂ ಬರೀಲಿ.

ಎಸ್ಟೋನಿಯಾ ಕನ್ನಡತಿ

ಶರಾವತಿ ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬಯಲಿನ ಮಾತು ಕೇಳಿದಾಗೆಲ್ಲ ನನಗೆ ಒಂದು ಅನಿಸುತ್ತದೆ. ಬಯಲಿಗೆ ಎರಡು ತುದಿ ಇರುತ್ತದೆ. ಆ ತುದಿಯಲ್ಲಿ ಕೂತವರಿಗೂ ತಡೆಯುವ ಬೆಟ್ಟ ಇರಲಿಲ್ಲವಲ್ಲ?

ನಾನು ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ ಕೆಲಸಕ್ಕೆ ಸೇರಿ ಏಳು ವರ್ಷ. ಕೆಳಮನೆಯ ಹಿರಿಯ ಹೆಂಗಸು 1949ರ ಮಾರ್ಚ್‌ನಲ್ಲಿ ಮಗುವಾಗಿದ್ದಾಗ ತಾಯಿಯೊಂದಿಗೆ ದನದ ಡಬ್ಬಿಯ ರೈಲಿನಲ್ಲಿ ಸೈಬೀರಿಯಾಕ್ಕೆ ಹೋದವರು. ಆ ಕೆಲವೇ ದಿನಗಳಲ್ಲಿ ಎಸ್ಟೋನಿಯಾ ಒಂದರಿಂದಲೇ 20 ಸಾವಿರಕ್ಕೂ ಹೆಚ್ಚು ಜನರನ್ನು ಸೋವಿಯತ್ತರು ಹೀಗೆ ಸಾಗಿಸಿದರು, ಹೆಚ್ಚಿನವರು ಹೆಂಗಸರು, ಮಕ್ಕಳು. 1939ರ ಆಗಸ್ಟ್ 23ರಂದು ಸ್ಟಾಲಿನ್ ಮತ್ತು ಹಿಟ್ಲರ್ ಕಡೆಯವರು ಒಪ್ಪಂದ ಮಾಡಿಕೊಂಡು ಗುಟ್ಟಾಗಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ದೇಶಗಳನ್ನು ಹಂಚಿಕೊಂಡಿದ್ದು ಇಲ್ಲಿ ಶಾಲೆಯ ಮಗುವಿಗೂ ಗೊತ್ತು. ಸರಿಯಾಗಿ 50 ವರ್ಷದ ಮೇಲೆ, 1989ರ ಅದೇ ದಿನ, ತಾಲಿನ್‌ನಿಂದ ಲಿಥುವೇನಿಯಾದ ವಿಲ್ನಿಯಸ್‌ವರೆಗೆ 600 ಕಿಲೋಮೀಟರಿಗೂ ಉದ್ದಕ್ಕೆ ಜನ ಕೈಕೈ ಹಿಡಿದು ನಿಂತಿದ್ದೂ ಗೊತ್ತು. ನ್ಯಾಟೋ ಇವರ ಮನೆ ಬಾಗಿಲಿಗೆ ಬಂದು ಕರೆಯಲಿಲ್ಲ ಸರ್. ಇವರೇ ಓಡಿಹೋಗಿ ಬಾಗಿಲು ತಟ್ಟಿದರು.

ಹಾಗಂತ ಇಲ್ಲಿಯ ರಷ್ಯನ್ ಮಾತಿನವರ ನೋವು ಸುಳ್ಳು ಅನ್ನುವುದಿಲ್ಲ. ಕಳೆದ ವರ್ಷ ಮೇ 9ಕ್ಕೆ, ಹಿಟ್ಲರನ ಮೇಲಿನ ಗೆಲುವನ್ನು ರಷ್ಯನ್ನರು ಆಚರಿಸುವ ದಿನ, ಗಡಿಯ ನಾರ್ವಾ ಊರಿಗೆ ಹೋಗಿದ್ದೆ. ನದಿಯ ಈ ದಂಡೆಯಲ್ಲೊಂದು ಕೋಟೆ, ಆ ದಂಡೆಯಲ್ಲಿ ರಷ್ಯಾದ ಇವಾನ್‌ಗೊರೊದ್ ಕೋಟೆ, ನಡುವೆ ಒಂದು ಸೇತುವೆ. ರಷ್ಯಾದವರು ದೊಡ್ಡ ಪರದೆ, ಸ್ಪೀಕರ್ ಎಲ್ಲವನ್ನೂ ಈ ದಂಡೆಗೆ ಮುಖಮಾಡಿ ಇಟ್ಟು ವಿಜಯೋತ್ಸವದ ಹಾಡು ಹಾಕಿದ್ದರು. ಈ ಕಡೆಯ ಕೋಟೆಗೋಡೆಯ ಮೇಲೆ ಪುಟಿನ್ ಯುದ್ಧಾಪರಾಧಿ ಅನ್ನುವ ಬ್ಯಾನರ್. ಅದರ ಕೆಳಗೇ ದಂಡೆಯ ಮೇಲೆ ನೂರಾರು ಮುದುಕ ಮುದುಕಿಯರು ಕೈಯಲ್ಲಿ ಕಾರ್ನೇಷನ್ ಹೂ ಹಿಡಿದು ಆ ಹಾಡಿಗೆ ತುಟಿಯಾಡಿಸುತ್ತಿದ್ದರು. ಒಬ್ಬ ತಾತ ಅಳುತ್ತಿದ್ದರು. ಅವರ ಅಪ್ಪ ಆ ಯುದ್ಧದಲ್ಲಿ ಸತ್ತದ್ದು ನಿಜ ಇರಬಹುದು. ಹೂ ಅವರದು, ಸ್ಪೀಕರ್ ಮಾತ್ರ ಸರ್ಕಾರದ್ದು. ಅಲ್ಲಿ ನಿಂತಾಗ ನನಗೆ ಕಾಡಿದ್ದು ಇದೇ. ಸತ್ತವರ ನೆನಪು ಮನೆಯೊಳಗೆ ಇದ್ದಾಗ ಅದು "ಯುದ್ಧ ಬೇಡ" ಅನ್ನುತ್ತದೆ. ಅದನ್ನೇ ಮೈಕಿಗೆ ಕಟ್ಟಿದಾಗ "ನಾವು ಮತ್ತೆ ಗೆಲ್ಲುತ್ತೇವೆ" ಅಂತ ಕೇಳಿಸುತ್ತದೆ.

2012ರಲ್ಲಿ ರಷ್ಯಾದ ತೋಮ್ಸ್ಕ್ ಊರಿನ ಕೆಲವು ಪತ್ರಕರ್ತರು ಶುರು ಮಾಡಿದ ಮೆರವಣಿಗೆಯೂ ಹೀಗೇ ಆಯಿತು. ಪ್ರತಿಯೊಬ್ಬರೂ ತಮ್ಮ ಮನೆಯ ಸೈನಿಕನ ಫೋಟೋ ಎತ್ತಿಕೊಂಡು ಮೌನವಾಗಿ ನಡೆಯುವುದು, ಅಷ್ಟೇ ಇದ್ದದ್ದು. 2015ಕ್ಕೆ ಮಾಸ್ಕೋದಲ್ಲಿ ಅಧ್ಯಕ್ಷರೇ ಮುಂದೆ ನಡೆಯುತ್ತಿದ್ದರು.

ರಾಜ್ಯಶಾಸ್ತ್ರ ಮೇಡಂ

ಪದವಿ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ವಿದ್ಯಾರ್ಥಿ "ರಷ್ಯನ್ನರ ಸ್ವಭಾವವೇ ಹಾಗೆ" ಅಂತ ಉತ್ತರ ಬರೆಯುತ್ತಾರೆ. ಸ್ವಭಾವ ಅಂದರೆ ಬದಲಾಗಬಾರದಲ್ಲವೇ? ಅವರ ಅಭಿಪ್ರಾಯ ಬದಲಾದಷ್ಟು ಬೇಗ ನಮ್ಮ ಹವಾಮಾನವೂ ಬದಲಾಗುವುದಿಲ್ಲ.

1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ಮೊದಲ ದಿನವೇ 30 ಸಾವಿರ ಜನ ಚಳಿಯಲ್ಲಿ ಸರದಿ ನಿಂತರು. ಆ ವರ್ಷಗಳ ಸಮೀಕ್ಷೆಗಳಲ್ಲಿ ಬಹುಪಾಲು ಜನ ಅಮೆರಿಕದ ಬಗ್ಗೆ ಒಳ್ಳೆಯ ಮಾತನ್ನೇ ಆಡಿದ್ದಾರೆ. 1999ರ ಬಾಂಬ್ ದಾಳಿಗೆ ಅದು ಕುಸಿಯಿತು, ಸ್ವಲ್ಪ ದಿನಕ್ಕೆ ಮೇಲೆದ್ದಿತು. 2003ರಲ್ಲಿ ಇರಾಕ್ ಕಾರಣಕ್ಕೆ ಬಿತ್ತು, ಮತ್ತೆ ಎದ್ದಿತು. 2008ರಲ್ಲಿ ಜಾರ್ಜಿಯಾ ಯುದ್ಧಕ್ಕೂ ಹಾಗೇ ಆಯಿತು. 2014ರಲ್ಲಿ ಮಾತ್ರ ಬಿದ್ದದ್ದು ಆಳಕ್ಕೆ ಹೋಯಿತು. ಹುಟ್ಟುಗುಣ ಹೀಗೆ ಏರಿಳಿಯುವುದಿಲ್ಲ. ನಿಜವಾಗಿ ನಡೆದ ಘಟನೆಗಳು ಒಂದು ಕಡೆ, ಅವನ್ನು ಹಗಲೂ ರಾತ್ರಿ ಹೇಳುವ ಟೀವಿ ಇನ್ನೊಂದು ಕಡೆ. ಎರಡೂ ಸೇರಿ ಆಗುವ ಕೆಲಸ ಇದು.

ಯುದ್ಧದ ವಿಷಯಕ್ಕೂ ಇದೇ ಮಾತು. 1994ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಯೆಲ್ತ್ಸಿನ್, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚನ್ಯಾಕ್ಕೆ ಸೈನ್ಯ ಕಳಿಸಿದಾಗ ಖಾಸಗಿ ಟೀವಿ ಹೆಣಗಳನ್ನು ತೋರಿಸಿತು, ಜನ ವಿರೋಧಿಸಿದರು. ಸೈನಿಕರ ತಾಯಂದಿರು ಯುದ್ಧಭೂಮಿಗೇ ಹೋಗಿ ಮಕ್ಕಳನ್ನು ಕೈಹಿಡಿದು ಕರೆತಂದರು. 1999ರಲ್ಲಿ ಎರಡನೇ ಯುದ್ಧ. ಅದಕ್ಕೆ ಮುಂಚೆ ಮಾಸ್ಕೋದಲ್ಲಿ, ಇನ್ನೂ ಎರಡು ಊರುಗಳಲ್ಲಿ ವಸತಿ ಕಟ್ಟಡಗಳು ಸ್ಫೋಟಗೊಂಡು ಸುಮಾರು 300 ಜನ ಮಲಗಿದ್ದಲ್ಲೇ ಸತ್ತಿದ್ದರು. ಸರ್ಕಾರ ಅದರ ಹೊಣೆಯನ್ನು ಚೆಚನ್ಯಾ ಕಡೆಯ ಉಗ್ರರ ಮೇಲೆ ಹೊರಿಸಿತು, ಈ ಸಲ ಅದೇ ಜನ ಯುದ್ಧವನ್ನು ಬೆಂಬಲಿಸಿದರು. ಕೆಲವೇ ವರ್ಷಕ್ಕೆ ಆ ಟೀವಿ ವಾಹಿನಿಯೂ ಸರ್ಕಾರದ ಹಿಡಿತಕ್ಕೆ ಹೋಯಿತು.

ಡಾಕ್ಟರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ 1990ರ ದಶಕದಲ್ಲಿದೆ. 1992ರ ಜನವರಿ 2ರಂದು ಬೆಲೆಗಳ ಮೇಲಿನ ಸರ್ಕಾರದ ಹಿಡಿತವನ್ನು ಬಿಟ್ಟುಬಿಟ್ಟರು. ಒಂದೇ ವರ್ಷದಲ್ಲಿ ಬೆಲೆ ಸುಮಾರು 26 ಪಟ್ಟು ಏರಿತು. ಜೀವಮಾನದ ಉಳಿತಾಯ ಗಾಳಿಗೆ ಹೋಯಿತು. ಗಂಡಸರ ಸರಾಸರಿ ಆಯಸ್ಸು 1990ರಲ್ಲಿ ಸುಮಾರು 64 ವರ್ಷ ಇದ್ದದ್ದು 1994ಕ್ಕೆ 57ರ ಆಸುಪಾಸಿಗೆ ಇಳಿಯಿತು. ಯುದ್ಧವಿಲ್ಲದೆ ಒಂದು ದೇಶದಲ್ಲಿ ಇಷ್ಟು ಜನ ಅಕಾಲದಲ್ಲಿ ಸಾಯುವುದು ಅಪರೂಪ. "ಪ್ರಜಾಪ್ರಭುತ್ವ" ಅನ್ನುವ ಪದ ಅವರ ಕಿವಿಗೆ ಬಿದ್ದದ್ದೇ ಆ ಕಾಲದಲ್ಲಿ. 2000ದ ನಂತರ ಎಣ್ಣೆಯ ಬೆಲೆ ಏರಿತು, ಸಂಬಳ ಸಮಯಕ್ಕೆ ಬಂತು. ಆಗ ಒಂದು ಬಾಯಿಮಾತಿನ ಕರಾರು ಆಯಿತು: ನಿಮ್ಮ ಮನೆಯೊಳಗೆ ನಾವು ಬರುವುದಿಲ್ಲ, ರಾಜಕೀಯದೊಳಗೆ ನೀವು ಬರಬೇಡಿ. "ಮೇಲಿನವರಿಗೆ ಗೊತ್ತಿರತ್ತೆ" ಅನ್ನುವುದು ಆ ಕರಾರಿನ ಭಾಷೆ. ಅದನ್ನು ಯುದ್ಧದಾಹ ಅಂತ ಓದಬಾರದು.

ಕರಾರು ಮುರಿದಾಗ ಅವರು ಸುಮ್ಮನಿರುವುದಿಲ್ಲ ಅನ್ನುವುದಕ್ಕೆ 2018 ಸಾಕ್ಷಿ. ಪಿಂಚಣಿಯ ವಯಸ್ಸನ್ನು ಗಂಡಸರಿಗೆ 60ರಿಂದ 65ಕ್ಕೆ, ಹೆಂಗಸರಿಗೆ 55ರಿಂದ 60ಕ್ಕೆ ಏರಿಸಿದಾಗ ಊರೂರಲ್ಲಿ ಜನ ಬೀದಿಗೆ ಬಂದರು. ಕ್ರಿಮಿಯಾದಿಂದ ಏರಿದ್ದ ಪುಟಿನ್ ಜನಪ್ರಿಯತೆ ಆ ಒಂದು ಬೇಸಿಗೆಯಲ್ಲಿ ಇಳಿಯಿತು.

ಮಲ್ಲೇಶ್ವರದವನು

ಮೇಡಂ, ಹಾಗಾದರೆ ಈಗಿನ ಸಮೀಕ್ಷೆಗಳನ್ನು ನಂಬಬಹುದಾ? ಮುಕ್ಕಾಲು ಪಾಲು ಜನ ಬೆಂಬಲಿಸುತ್ತಾರೆ ಅನ್ನುತ್ತಾರಲ್ಲ.

ರಾಜ್ಯಶಾಸ್ತ್ರ ಮೇಡಂ

ನಂಬುವುದಕ್ಕಿಂತ ಹೇಗೆ ಓದಬೇಕು ಅನ್ನುವುದು ಮುಖ್ಯ. 2022ರ ಮಾರ್ಚ್ 4ರಂದು ಬಂದ ಕಾನೂನಿನ ಪ್ರಕಾರ ಸೈನ್ಯದ ಬಗ್ಗೆ "ಸುಳ್ಳು" ಹೇಳಿದರೆ 15 ವರ್ಷದವರೆಗೆ ಜೈಲು. ಯುದ್ಧವನ್ನು ಯುದ್ಧ ಅನ್ನುವಂತಿಲ್ಲ, "ವಿಶೇಷ ಸೈನಿಕ ಕಾರ್ಯಾಚರಣೆ" ಅನ್ನಬೇಕು. ಖಾಲಿ ಹಾಳೆ ಹಿಡಿದು ನಿಂತವರನ್ನೂ ಎಳೆದೊಯ್ದರು. ಆ ವರ್ಷ ಯುದ್ಧ ವಿರೋಧಿಸಿ ಬಂಧನಕ್ಕೆ ಒಳಗಾದವರು 19 ಸಾವಿರಕ್ಕೂ ಹೆಚ್ಚು. ಅಂಥಲ್ಲಿ ಅಪರಿಚಿತ ದನಿ ಫೋನಿನಲ್ಲಿ "ನೀವು ಬೆಂಬಲಿಸುತ್ತೀರಾ" ಅಂದರೆ ಏನು ಹೇಳುತ್ತೀರಿ? ಹಾಗಂತ ಎಲ್ಲರೂ ಒಳಗೊಳಗೆ ವಿರೋಧಿಗಳು ಅಂತ ನಮ್ಮನ್ನು ನಾವು ಸಮಾಧಾನ ಮಾಡಿಕೊಳ್ಳುವುದೂ ಸರಿಯಲ್ಲ. ಸಂಧಾನ ಆಗಲಿ ಅನ್ನುವವರು ಅರ್ಧಕ್ಕಿಂತ ಹೆಚ್ಚಿದ್ದಾರೆ. ಹಿಡಿದ ನೆಲ ವಾಪಸ್ ಕೊಟ್ಟು ಮುಗಿಸೋಣವೇ ಅಂತ ಕೇಳಿದರೆ ಹೆಚ್ಚಿನವರು ಬೇಡ ಅನ್ನುತ್ತಾರೆ. ಈ ಎರಡು ಉತ್ತರ ಕೊಡುವುದು ಒಬ್ಬರೇ ಮನುಷ್ಯರು.

ಅಲೆಮಾರಿ ಕಾಸರಗೋಡು

ಒಂದು ಸಣ್ಣ ಸೇರಿಕೆ. ನಾವು ಕನ್ನಡದಲ್ಲಿ "ರಷ್ಯನ್" ಅಂತ ಒಂದೇ ಪದ ಬಳಸುತ್ತೇವೆ, ಅವರಲ್ಲಿ ಎರಡಿವೆ. ಜನಾಂಗದಿಂದ ರಷ್ಯನ್ ಆದರೆ "ರುಸ್ಕಿ", ದೇಶದ ಪ್ರಜೆಯಾದರೆ "ರಸ್ಸಿಯಾನಿನ್". ಬುರ್ಯಾತರು, ತಾತಾರರು, ದಾಗೆಸ್ತಾನದವರು ಎರಡನೆಯ ಪದಕ್ಕೆ ಸೇರುತ್ತಾರೆ, ಮೊದಲನೆಯದಕ್ಕಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸೇನಾ ಭರ್ತಿ ಘೋಷಿಸಿದಾಗ ದಾಗೆಸ್ತಾನದ ಮಖಚ್ಕಲಾದಲ್ಲಿ ಹೆಂಗಸರು ಪೊಲೀಸರ ಎದುರೇ ನಿಂತು ಕೂಗಿದರು. ಹನ್ನೊಂದು ಕಾಲವಲಯಗಳ ದೇಶಕ್ಕೆ "ರಾಷ್ಟ್ರೀಯ ಸ್ವಭಾವ" ಅಂತ ಒಂದು ಅಂಗಿ ಹೊಲಿದರೆ ಯಾರ ಮೈಗೆ ಸರಿಹೋದೀತು?

ಶರಾವತಿ ಕಣಿವೆ

ತಾಲಿನ್‌ನ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ದನದ ಡಬ್ಬಿಯ ವಿಷಯ ಆ ನುಣುಪು ಕಾಗದದ ಪತ್ರಿಕೆಯಲ್ಲಿ ಒಂದು ಸಾಲೂ ಬಂದಿರಲಿಲ್ಲ. 1940ರಲ್ಲಿ ಕತೀನ್ ಕಾಡಿನಲ್ಲಿ ಪೋಲಿಷ್ ಅಧಿಕಾರಿಗಳನ್ನು ಕೊಂದದ್ದು ತಾವೇ ಅಂತ ಸೋವಿಯತ್ತರು ಒಪ್ಪಿಕೊಂಡದ್ದು 1990ರಲ್ಲಿ. ಅಲ್ಲಿಯವರೆಗೆ ನಾನೂ ಜರ್ಮನ್ನರೇ ಮಾಡಿದ್ದು ಅಂತ ನಂಬಿದ್ದೆ, ವಾದ ಮಾಡಿದ್ದೆ. ನ್ಯಾಟೋ ಬಗ್ಗೆ ನನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ರಷ್ಯನ್ನರಿಗೆ ಭಯಪಡಲು ಹಕ್ಕಿದೆ ಅಂದ ಮೇಲೆ ಎಸ್ಟೋನಿಯಾದವರಿಗೂ ಇದೆ ಅಂತ ಒಪ್ಪಲೇಬೇಕು. ಡಾಕ್ಟ್ರೇ, ಆ ಅಜ್ಜಿ ಈಗ ಹೇಗಿದ್ದಾರೆ? ತಂಗಿ ಇದ್ದರಲ್ಲ, ಅವರು?

ವೋಲ್ಗಾ ದಂಡೆ

ಸರ್, ಅದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ತಂಗಿ ಮದುವೆಯಾಗಿ ಹೋದದ್ದು ಖಾರ್ಕಿವ್‌ಗೆ. ಆಗ ಅದು ಬೇರೆ ದೇಶ ಆಗಿರಲಿಲ್ಲ, ರಾತ್ರಿ ರೈಲು ಹತ್ತಿದರೆ ತಲುಪುವ ಊರು. ರಷ್ಯಾದಲ್ಲಿ ಇಂಥ ನೆಂಟಸ್ತಿಕೆ ಇರುವ ಮನೆಗಳು ಲೆಕ್ಕವಿಲ್ಲದಷ್ಟು. 2022ರ ಮಾರ್ಚ್‌ನಲ್ಲಿ ತಂಗಿ ನೆಲಮಾಳಿಗೆಯಿಂದ ಫೋನ್ ಮಾಡಿ "ನಮ್ಮ ಬೀದಿಗೆ ಬಾಂಬ್ ಬಿತ್ತು" ಅಂದರಂತೆ. ಅಜ್ಜಿ, "ನಮ್ಮವರು ಮನೆಗಳ ಮೇಲೆ ಹಾಕುವುದಿಲ್ಲ, ನಿಮ್ಮವರೇ ಹಾಕಿಕೊಂಡಿರಬೇಕು" ಅಂದರು. ಟೀವಿ ಹಾಗೆ ಹೇಳಿತ್ತು. ತಂಗಿ ಫೋನ್ ಇಟ್ಟರು. ಆಮೇಲೆ ಮಾತಿಲ್ಲ. ಹಳ್ಳದ ಗುಂಡಿಯಲ್ಲಿ ಒಂದೇ ಕಂಬಳಿಯೊಳಗೆ ಬದುಕಿದವರು ಇವರಿಬ್ಬರು.

ಸೆಪ್ಟೆಂಬರ್ 21ಕ್ಕೆ ಮೂರು ಲಕ್ಷ ಜನರ ಭರ್ತಿ ಘೋಷಣೆಯಾಯಿತು. ಮೊಮ್ಮಗನಿಗೆ ಪವೆಸ್ತ್ಕಾ ಬಂತು, ಅಂದರೆ ಸೇನಾ ಕಚೇರಿಯ ಕರೆ. ಅವನ ಅಪ್ಪ ಹೋಗು ಅಂದ. ಅಜ್ಜಿ ಏನೂ ಅನ್ನಲಿಲ್ಲ. ರಾತ್ರಿ ಅವನ ಚೀಲ ತುಂಬಿದರು. ಎರಡು ಬ್ರೆಡ್, ಕೊಬ್ಬಿನ ತುಂಡು, ಉಣ್ಣೆಯ ಕಾಲುಚೀಲ, ಸತ್ತ ಮೇಲಿನ ಖರ್ಚಿಗೆ ಅಂತ ಎತ್ತಿಟ್ಟಿದ್ದ ದುಡ್ಡು. ಬೆಳಗಿನ ಜಾವ ಅವನನ್ನು ಕಜಕಿಸ್ತಾನದ ಕಡೆ ಹೋಗುವ ಕಾರು ಹತ್ತಿಸಿದರು. ಗಡಿ ಅಲ್ಲಿಂದ ದೂರವಿಲ್ಲ. "ಮೇಲಿನವರಿಗೆ ಗೊತ್ತಿರತ್ತೆ" ಅಂದದ್ದೂ ಇವರೇ, ಇದನ್ನು ಮಾಡಿದ್ದೂ ಇವರೇ. ಮೇಡಂ, ನಿಮ್ಮ ಸಮೀಕ್ಷೆಯವರು ಕೇಳಿದ್ದರೆ ಆವತ್ತೂ ಅವರು ಬೆಂಬಲಿಸುತ್ತೇನೆ ಅಂತಲೇ ಹೇಳುತ್ತಿದ್ದರು. ನನಗೆ ಅದರಲ್ಲಿ ಸಂಶಯವೇ ಇಲ್ಲ.

2025ರ ಏಪ್ರಿಲ್ ಕೊನೆಗೆ ವೋಲ್ಗೊಗ್ರಾದ್ ವಿಮಾನ ನಿಲ್ದಾಣಕ್ಕೆ ಸ್ಟಾಲಿನ್‌ಗ್ರಾದ್ ಅಂತ ಹೆಸರಿಟ್ಟರು. ಅಜ್ಜಿಗೆ ಆಗ 87. "ನನಗೆ ಸ್ಟಾಲಿನ್‌ಗ್ರಾದ್ ಅಂದರೆ ಸುಟ್ಟ ಗೋಧಿಯ ವಾಸನೆ. ವಿಮಾನ ಹತ್ತುವವರಿಗೆ ಅದು ಬರುತ್ತದಾ?" ಅಂತ ಕೇಳಿದರು.

ಈಗ ಆ ಊರಿನ ಮೇಲೂ ರಾತ್ರಿ ಉಕ್ರೇನಿನ ಡ್ರೋನ್‌ಗಳು ಬರುತ್ತವೆ, ಎಣ್ಣೆ ಶುದ್ಧೀಕರಣ ಘಟಕವನ್ನು ಹುಡುಕಿಕೊಂಡು. ಒಮ್ಮೆ ಆ ಸುದ್ದಿ ಹೊರಗೆ ಬಂದ ಬೆಳಿಗ್ಗೆ ಮೊಮ್ಮಗಳ ಟೆಲಿಗ್ರಾಂಗೆ ಖಾರ್ಕಿವ್‌ನಿಂದ ಒಂದು ಧ್ವನಿಸಂದೇಶ ಬಂತು. ಮೂರು ವರ್ಷದ ಮೇಲೆ ತಂಗಿಯ ದನಿ. ಮೊಮ್ಮಗಳು ನನಗೂ ಕೇಳಿಸಿದಳು. ಮುದಿ ಗಂಟಲು, ನಡುವೆ ಕೆಮ್ಮು: "ಕಿಟಕಿ ಇರುವ ಕೋಣೆಯಲ್ಲಿ ಮಲಗಬೇಡ. ಹಾಸಿಗೆಯನ್ನು ಪಡಸಾಲೆಗೆ ಎಳೆದುಕೋ. ನಿನಗೂ ಬೀದಿಗೂ ನಡುವೆ ಎರಡು ಗೋಡೆ ಇರಬೇಕು. ನೀರು ತುಂಬಿಸಿಟ್ಟುಕೋ."

ಅಜ್ಜಿ ಈಗ ಪಡಸಾಲೆಯಲ್ಲೇ ಮಲಗುತ್ತಾರೆ.